ಅಂಚಿನಿಂದ ಕಮರಿ, ಒಳಗಿನಿಂದ ಕೊಳ್ಳ

ಪ್ರವಾಸಕಥನ ಓದುವವರಿಗೆಲ್ಲ ಪರಿಚಯವಿರುವ ಒಂದು ಮಾತಿದೆ: ಇದನ್ನು ಬಣ್ಣಿಸಲು ಶಬ್ದ ಸಾಲದು, ಕಣ್ಣಾರೆ ಕಂಡೇ ತಿಳಿಯಬೇಕು. ಜಲಪಾತದ ಮುಂದೆ, ಹಿಮಪರ್ವತದ ಮುಂದೆ, ಕಡಲಿನ ಮುಂದೆ ಲೇಖಕರು ಈ ಮಾತು ಬರೆದು ಮುಂದಿನ ಊರಿಗೆ ಹೊರಟುಬಿಡುತ್ತಾರೆ. ಓದುಗರಾದ ನಾವೂ ಅದನ್ನು ವಿನಯವೆಂದು ಒಪ್ಪಿಕೊಂಡು ಪುಟ ತಿರುವುತ್ತೇವೆ. ಈ ಮಾತು ನಿಜವೇ ಎಂದು ಕೇಳುವುದು ಈ ಬರಹದ ಉದ್ದೇಶ. ಶಬ್ದ ಸಾಲದೆ ಹೋಯಿತೇ, ಅಥವಾ ಲೇಖಕರು ನಿಂತ ಜಾಗದಲ್ಲಿ ಶಬ್ದ ಹುಟ್ಟುವುದಕ್ಕೆ ಆಸ್ಪದವೇ ಇರಲಿಲ್ಲವೇ?

ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಗ್ರ್ಯಾಂಡ್ ಕ್ಯಾನಿಯನ್‌ಗಿಂತ ಒಳ್ಳೆಯ ಜಾಗ ಸಿಗಲಾರದು. ಅಮೆರಿಕದ ಅರಿಜೋನಾ ರಾಜ್ಯದ ಉತ್ತರ ಭಾಗದಲ್ಲಿ, ಒಣ ಪ್ರಸ್ಥಭೂಮಿಯೊಂದನ್ನು ಕೊಲೊರಾಡೊ ನದಿ ಕೊರೆದು ಮಾಡಿದ ಕಮರಿ ಇದು. ನದಿಯ ಗುಂಟ ಅಳೆದರೆ ಉದ್ದ ಸುಮಾರು 446 ಕಿಲೋಮೀಟರ್. ಅತಿ ಅಗಲವಾದ ಕಡೆ ಅಂಚಿನಿಂದ ಅಂಚಿಗೆ 29 ಕಿಲೋಮೀಟರ್. ಆಳ ಒಂದೂವರೆ ಕಿಲೋಮೀಟರಿಗೂ ಹೆಚ್ಚು. ದಕ್ಷಿಣದ ಅಂಚು ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ಪೈನ್ ಮರಗಳಿವೆ, ಚಳಿಗಾಲದಲ್ಲಿ ಹಿಮ ಬೀಳುತ್ತದೆ. ತಳದಲ್ಲಿ ಕಳ್ಳಿ ಬೆಳೆಯುವ ಮರುಭೂಮಿ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಅಲ್ಲಿ ಮಾಮೂಲು. ಇಷ್ಟೆಲ್ಲ ಅಂಕಿ ಕೊಟ್ಟ ಮೇಲೂ ಓದುಗರ ಮನಸ್ಸಿನಲ್ಲಿ ಕಮರಿಯ ಚಿತ್ರ ಮೂಡುವುದಿಲ್ಲ ಎಂಬುದು ನನಗೆ ಗೊತ್ತು. ಅಂಕಿಗೂ ಅನುಭವಕ್ಕೂ ನಡುವಿನ ಈ ಬಿರುಕೇ ಇಲ್ಲಿಗೆ ಬಂದ ಬರಹಗಾರರನ್ನೆಲ್ಲ ಕಾಡಿದ್ದು.

ಮೊದಲು ನಮ್ಮ ಶಬ್ದಗಳ ವಿಷಯ. ಕ್ಯಾನಿಯನ್ ಎಂಬುದಕ್ಕೆ ಕನ್ನಡದಲ್ಲಿ ಪ್ರಪಾತ, ಕಂದರ, ಕಮರಿ, ಕಣಿವೆ, ಕೊಳ್ಳ ಎಂದು ಹಲವು ಶಬ್ದಗಳನ್ನು ಬಳಸಬಹುದು. ಇವು ಒಂದಕ್ಕೊಂದು ಬದಲಿ ಎನ್ನುವಂತಿಲ್ಲ. ಪ್ರಪಾತ ಎಂದಾಗ ಮಾತನಾಡುವವರು ಮೇಲೆ ನಿಂತಿದ್ದಾರೆ. ಆ ಶಬ್ದದೊಳಗೇ ಬೀಳುವ ಭಯವಿದೆ. ಕಮರಿಯಲ್ಲೂ ಮೇಲಿನಿಂದ ಬಗ್ಗಿ ನೋಡುವ ಕಣ್ಣಿದೆ. ಕೊಳ್ಳ ಹಾಗಲ್ಲ. ಉತ್ತರ ಕರ್ನಾಟಕದ ಕಡೆ ‘ಎಲ್ಲಮ್ಮನ ಕೊಳ್ಳ’ ಎಂದಾಗ ಜನ ಇಳಿದು ಹೋಗುವ, ನೀರಿರುವ, ಮಿಂದು ಉಂಡು ಬರುವ ತಗ್ಗು ನೆನಪಿಗೆ ಬರುತ್ತದೆ. ಒಂದೇ ಭೂರೂಪವನ್ನು ಮೇಲೆ ನಿಂತವರು ಪ್ರಪಾತ ಎಂದರೆ ಒಳಗಿರುವವರು ಕೊಳ್ಳ ಎಂದಾರು. ಗ್ರ್ಯಾಂಡ್ ಕ್ಯಾನಿಯನ್ ಕುರಿತ ಬರಹಗಳನ್ನು ಓದುವಾಗ ನನಗೆ ಈ ವ್ಯತ್ಯಾಸವೇ ಹೆಚ್ಚು ಉಪಯೋಗಕ್ಕೆ ಬಂತು.

*

ಯುರೋಪಿನವರ ಕಣ್ಣಿಗೆ ಈ ಕಮರಿ ಬಿದ್ದದ್ದು 1540ರಲ್ಲಿ. ಬಂಗಾರದ ನಗರಗಳನ್ನು ಹುಡುಕುತ್ತ ಹೊರಟಿದ್ದ ಕೊರೊನಾಡೊನ ಸ್ಪ್ಯಾನಿಷ್ ದಂಡಿನಿಂದ ಗಾರ್ಸಿಯಾ ಲೋಪೆಸ್ ದ ಕಾರ್ಡೆನಾಸ್ ಎಂಬಾತ ಒಂದು ಸಣ್ಣ ತುಕಡಿಯೊಂದಿಗೆ ಇಲ್ಲಿಗೆ ಬಂದ. ಇದರ ವಿವರ ನಮಗೆ ಸಿಗುವುದು ಅದೇ ದಂಡಿನಲ್ಲಿದ್ದ ಪೆಡ್ರೊ ದ ಕಾಸ್ತನ್ಯೇಡ ಬರೆದ ಕಥನದಲ್ಲಿ. ಆತ ಆ ತುಕಡಿಯಲ್ಲಿರಲಿಲ್ಲ. ಬರೆದದ್ದೂ ಸುಮಾರು ಇಪ್ಪತ್ತು ವರ್ಷಗಳ ಬಳಿಕ, ಕೇಳಿದ್ದನ್ನು ನೆನಪಿಸಿಕೊಂಡು. ಆದರೂ ಕಮರಿಯ ಗಾತ್ರವನ್ನು ಓದುಗರಿಗೆ ಮುಟ್ಟಿಸಿದ ಬರಹಗಳಲ್ಲಿ ಇದನ್ನು ಮೇಲಿನ ಸಾಲಿನಲ್ಲೇ ಇಡಬೇಕು.

ಅಂಚಿನಿಂದ ನೋಡಿದಾಗ ನದಿ ಒಂದು ಮಾರು ಅಗಲದ ತೊರೆಯ ಹಾಗೆ ಕಂಡಿತು. ಜೊತೆಯಲ್ಲಿದ್ದ ಮೂಲನಿವಾಸಿಗಳು ಅದು ಬಲು ಅಗಲದ ನದಿ ಎಂದರು, ಸ್ಪೇನಿನವರು ನಂಬಲಿಲ್ಲ. ಮೂರು ದಿನ ಇಳಿಯುವ ದಾರಿ ಹುಡುಕಿ, ಕೊನೆಗೆ ಹಗುರ ಮೈಯ, ಚುರುಕಾದ ಮೂವರನ್ನು ಕೆಳಗೆ ಕಳಿಸಿದರು. ಅವರು ಸಂಜೆ ನಾಲ್ಕರ ಹೊತ್ತಿಗೆ ಮರಳಿ ಬಂದರು. ಮೂರನೇ ಒಂದು ಪಾಲು ಮಾತ್ರ ಇಳಿಯಲು ಆಗಿತ್ತು. ಮೇಲಿನಿಂದ ಆಳೆತ್ತರ ಕಾಣುವ ಬಂಡೆಗಳು ಹತ್ತಿರ ಹೋದಾಗ ಸೆವಿಲ್ ನಗರದ ದೊಡ್ಡ ಗೋಪುರಕ್ಕಿಂತ ಎತ್ತರವಿವೆ ಎಂದು ಆಣೆಯಿಟ್ಟು ಹೇಳಿದರು.

ಈ ಪ್ರಸಂಗದಲ್ಲಿ ವಿಶೇಷಣಗಳೇ ಇಲ್ಲ. ಭವ್ಯ, ರಮ್ಯ, ರುದ್ರ ಎಂಬ ಮಾತಿಲ್ಲ. ಒಂದು ತಪ್ಪು ಅಂದಾಜು ಇದೆ, ಅದನ್ನು ತಿದ್ದುವ ಮೂರು ಮೈಗಳಿವೆ, ಊರಿನಲ್ಲಿ ದಿನವೂ ಕಾಣುತ್ತಿದ್ದ ಒಂದು ಗೋಪುರವಿದೆ. ಕಮರಿಯ ಗಾತ್ರ ನಮಗೆ ತಟ್ಟುವುದು ಆ ತಪ್ಪು ತಿದ್ದುಪಡಿಯಾಗುವ ಕ್ಷಣದಲ್ಲಿ. ಮೇಲೆಯೇ ನಿಂತಿದ್ದರೆ ತಪ್ಪು ಹಾಗೆಯೇ ಉಳಿಯುತ್ತಿತ್ತು, ವರ್ಣನೆಯೂ ಹುಟ್ಟುತ್ತಿರಲಿಲ್ಲ.

ಅಮೆರಿಕದ ಕಾದಂಬರಿಕಾರ ವಾಕರ್ ಪರ್ಸಿ ‘ದ ಲಾಸ್ ಆಫ್ ದ ಕ್ರೀಚರ್’ ಎಂಬ ಪ್ರಬಂಧವನ್ನು ಇದೇ ಕಾರ್ಡೆನಾಸ್‌ನಿಂದ ಆರಂಭಿಸುತ್ತಾನೆ. ಮುಂದೆ 1975ರ ‘ದ ಮೆಸೇಜ್ ಇನ್ ದ ಬಾಟಲ್’ ಸಂಕಲನದಲ್ಲಿ ಸೇರಿದ ಈ ಪ್ರಬಂಧವನ್ನು ಸಾಹಿತ್ಯದ ವಿದ್ಯಾರ್ಥಿಗಳು ಓದಲೇಬೇಕು. ಪರ್ಸಿಯ ವಾದ ಸ್ಥೂಲವಾಗಿ ಹೀಗಿದೆ: ಕುರುಚಲು ಗಿಡಗಳ ನಡುವೆ ನಡೆದು ಬಂದ ಕಾರ್ಡೆನಾಸ್‌ನ ಕಾಲ ಬುಡದಲ್ಲಿ ಕಮರಿ ಥಟ್ಟನೆ ತೆರೆದುಕೊಂಡಿತು, ಅವನು ಅದನ್ನು ಕಂಡ. ಇಂದಿನ ಪ್ರವಾಸಿ ಕಾಣಲಾರ. ಪೋಸ್ಟ್‌ಕಾರ್ಡು, ಕೈಪಿಡಿ, ‘ಗ್ರ್ಯಾಂಡ್ ಕ್ಯಾನಿಯನ್’ ಎಂಬ ಹೆಸರು ಎಲ್ಲ ಸೇರಿ ಮೊದಲೇ ಒಂದು ಚಿತ್ರವನ್ನು ಕಟ್ಟಿಕೊಟ್ಟಿವೆ. ಎದುರಿಗಿರುವುದು ಆ ಚಿತ್ರದ ಹಾಗಿದ್ದರೆ ಅವನಿಗೆ ತೃಪ್ತಿ, ಇಲ್ಲದಿದ್ದರೆ ನಿರಾಸೆ. ಅವನು ನೋಡುತ್ತಿರುವುದು ಹೋಲಿಕೆಯನ್ನು ಮಾತ್ರ.

ಈ ವಾದದ ಎರಡನೆಯ ಭಾಗಕ್ಕೆ ನಮ್ಮ ಹತ್ತಿರದಲ್ಲೇ ಸಾಕ್ಷಿಯಿದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಆಂಧ್ರದ ಕಡಪ ಜಿಲ್ಲೆಗೆ ಹೋಗಿ, ಅಲ್ಲಿ ಪೆನ್ನಾರ್ ಎನಿಸಿಕೊಂಡು, ಗಂಡಿಕೋಟದ ಬಳಿ ಕಲ್ಲನ್ನು ಸೀಳಿ ಹರಿಯುತ್ತದೆ. ಬೆಂಗಳೂರಿನಿಂದ ವಾರಾಂತ್ಯಕ್ಕೆ ಹೋಗುವವರೆಲ್ಲ ಅದನ್ನು ‘ಭಾರತದ ಗ್ರ್ಯಾಂಡ್ ಕ್ಯಾನಿಯನ್’ ಎನ್ನುತ್ತಾರೆ. ಗಂಡಿ ಎಂದರೆ ತೆಲುಗಿನಲ್ಲಿ ಬೆಟ್ಟದ ನಡುವಿನ ಸೀಳು. ಕನ್ನಡದಲ್ಲೂ ಸಂದು, ಕಿಂಡಿ ಎಂಬ ಅರ್ಥವಿದೆ. ಊರಿನ ಹೆಸರೇ ಕಮರಿಯ ಕೋಟೆ ಎಂದು ಸಾರುತ್ತಿರುವಾಗ ನಾವು ಅದನ್ನು ಕಾಣಲು ಸಾಗರದಾಚೆಯ ಚಿತ್ರವೊಂದನ್ನು ಎರವಲು ತಂದಿದ್ದೇವೆ. ಪರ್ಸಿ ಹೇಳುವ ನಷ್ಟ ಇದೇ.

ಆದರೆ ಅವನ ವಾದದ ಮೊದಲ ಭಾಗವನ್ನು ಒಪ್ಪುವುದು ಕಷ್ಟ. ಕಾರ್ಡೆನಾಸ್ ಎಡವಿ ಬಿದ್ದು ಕಮರಿಯನ್ನು ಕಂಡವನಲ್ಲ. ದೊಡ್ಡ ನದಿಯೊಂದಿದೆ ಎಂಬ ಸುದ್ದಿಯನ್ನು ಹೋಪಿ ಜನರಿಂದ ತಿಳಿದು, ಅವರ ಮಾರ್ಗದರ್ಶನದಲ್ಲೇ ಬಂದವನು. ಅವನ ಕಡೆಯವರ ಕಣ್ಣಿನಲ್ಲೂ ಸೆವಿಲ್‌ನ ಗೋಪುರ ಮೊದಲೇ ಕೂತಿತ್ತು. ಹೋಪಿಗಳಿಗೆ ತಳಕ್ಕೆ ಇಳಿಯುವ ದಾರಿ ತಿಳಿದಿತ್ತು. ಉಪ್ಪಿಗಾಗಿ ಅವರು ಕೈಗೊಳ್ಳುತ್ತಿದ್ದ ಯಾತ್ರೆಯ ಹಾದಿ ಲಿಟ್ಲ್ ಕೊಲೊರಾಡೊ ಸಂಗಮದ ಕಡೆಗೆ ಸಾಗುತ್ತದೆ. ತಮ್ಮ ಪೂರ್ವಜರು ಈ ಲೋಕಕ್ಕೆ ಹೊರಬಂದ ‘ಸಿಪಾಪು’ ಇರುವುದು ಅಲ್ಲಿಯೇ ಎಂಬುದು ಅವರ ನಂಬಿಕೆ. ಮೂರು ದಿನ ದಾರಿ ಹುಡುಕಿದ ಸ್ಪೇನಿನವರಿಗೆ ಆ ಹಾದಿ ತೋರಿಸಿದರೆಂದು ಕಾಸ್ತನ್ಯೇಡ ಎಲ್ಲೂ ಹೇಳುವುದಿಲ್ಲ. ಹಾಗಾಗಿ ಪರ್ಸಿ ಹಂಬಲಿಸುವ ಮುಗ್ಧ ಮೊದಲ ನೋಟ ಇತಿಹಾಸದಲ್ಲಿ ಇರಲೇ ಇಲ್ಲ. ಅಂಥದ್ದೊಂದು ಇತ್ತೆಂದು ನಂಬಬೇಕಾದರೆ ಪಕ್ಕದಲ್ಲಿ ನಿಂತಿದ್ದ ಮಾರ್ಗದರ್ಶಿಗಳನ್ನು ಚಿತ್ರದಿಂದ ಅಳಿಸಬೇಕಾಗುತ್ತದೆ. ನೋಟವನ್ನು ಕಳೆದುಕೊಂಡವರ ಬಗ್ಗೆ ಮರುಗುವ ಪ್ರಬಂಧ, ನೋಟವನ್ನು ತೋರಿಸಿದವರನ್ನೇ ಕಾಣುವುದಿಲ್ಲ.

*

ಹತ್ತೊಂಬತ್ತನೆಯ ಶತಮಾನದ ಎರಡು ವರದಿಗಳನ್ನು ಈಗ ನೋಡೋಣ. 1857-58ರಲ್ಲಿ ಜೋಸೆಫ್ ಐವ್ಸ್ ಎಂಬ ಸೇನಾಧಿಕಾರಿ ಉಗಿದೋಣಿಯಲ್ಲಿ ಕೊಲೊರಾಡೊ ನದಿಯನ್ನು ಏರಿ, ನಂತರ ನೆಲದ ಮೇಲೆ ಸಾಗಿ ಕಮರಿಯ ತಳವನ್ನು ತಲುಪಿದ. 1861ರಲ್ಲಿ ಅಚ್ಚಾದ ಅವನ ವರದಿ, ಇದು ಯಾವ ಪ್ರಯೋಜನಕ್ಕೂ ಬಾರದ ಪ್ರದೇಶ, ಬಿಳಿಯರಲ್ಲಿ ಇಲ್ಲಿಗೆ ಮೊದಲು ಬಂದವರೂ ಕೊನೆಗೆ ಬರುವವರೂ ಬಹುಶಃ ನಾವೇ ಎಂಬರ್ಥದ ಮಾತನ್ನಾಡುತ್ತದೆ. ಇಂದು ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಜನ ಬರುವ ಜಾಗದ ಬಗ್ಗೆ ಬರೆದ ಈ ಭವಿಷ್ಯವನ್ನು ಎಲ್ಲರೂ ನಗುತ್ತ ಉಲ್ಲೇಖಿಸುತ್ತಾರೆ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು ಅದೇ ವರದಿಯೊಳಗಿನ ಇನ್ನೊಂದು ದನಿ. ತಂಡದಲ್ಲಿದ್ದ ಭೂವಿಜ್ಞಾನಿ ಜಾನ್ ನ್ಯೂಬೆರಿ ಅದೇ ಕಲ್ಲುಗೋಡೆಗಳನ್ನು ನೋಡಿ, ಇಷ್ಟೂ ಕೊರೆತ ಹರಿವ ನೀರಿನ ಕೆಲಸ ಎಂದು ಗುರುತಿಸಿದ. ಸೈನಿಕನಿಗೆ ದಾಟಲಾಗದ ಅಡ್ಡಿಯಾಗಿ ಕಂಡದ್ದು ಅವನಿಗೆ ಓದಬಹುದಾದ ಸಾಕ್ಷ್ಯವಾಗಿ ಕಂಡಿತು. ಇಬ್ಬರೂ ನಿಂತದ್ದು ಒಂದೇ ಕಡೆ. ಕೇಳಿಕೊಂಡ ಪ್ರಶ್ನೆ ಬೇರೆ. ಮಾತು ಸಾಲದು ಎಂಬ ದೂರಿಗೆ ಇದೂ ಒಂದು ಉತ್ತರ. ಪ್ರಶ್ನೆ ಇದ್ದವರಿಗೆ ಮಾತು ಸಿಕ್ಕಿದೆ.

ಎರಡನೆಯದು ಜಾನ್ ವೆಸ್ಲಿ ಪವೆಲ್‌ನ ಪ್ರಸಿದ್ಧ ಕಥನ. ಅಮೆರಿಕದ ಅಂತರ್ಯುದ್ಧದ ಶೈಲೋ ಕದನದಲ್ಲಿ ಬಲಗೈ ಕಳೆದುಕೊಂಡಿದ್ದ ಪವೆಲ್, 1869ರ ಮೇ 24ರಂದು ಒಂಬತ್ತು ಸಂಗಾತಿಗಳೊಂದಿಗೆ ನಾಲ್ಕು ದೋಣಿಗಳಲ್ಲಿ ವಯೋಮಿಂಗ್‌ನ ಗ್ರೀನ್ ರಿವರ್‌ನಿಂದ ಹೊರಟ. ಒಂದು ದೋಣಿ ದಾರಿಯಲ್ಲಿ ಒಡೆದುಹೋಯಿತು. ಒಬ್ಬ ಅರ್ಧಕ್ಕೇ ಬಿಟ್ಟುಹೋದ. ಆಗಸ್ಟ್ 28ರಂದು ಇನ್ನೂ ಮೂವರು, ಹೌಲ್ಯಾಂಡ್ ಸೋದರರಿಬ್ಬರು ಮತ್ತು ವಿಲಿಯಂ ಡನ್, ಮುಂದಿನ ನೀರಿನ ಸೆಳವಿಗೆ ಇಳಿಯಲು ಒಪ್ಪದೆ ಕಾಲ್ನಡಿಗೆಯಲ್ಲಿ ಮೇಲೆ ಹತ್ತಿ ಹೋದರು. ಎರಡೇ ದಿನಗಳಲ್ಲಿ ಉಳಿದ ಆರು ಜನ ಕಮರಿಯಿಂದ ಜೀವಂತ ಹೊರಬಂದರು. ಹತ್ತಿ ಹೋದ ಮೂವರು ಕೊಲೆಯಾದರು. ಕೊಂದವರು ಯಾರೆಂಬ ಚರ್ಚೆ ಇನ್ನೂ ನಿಂತಿಲ್ಲ. ಬೀಳ್ಕೊಡುವಾಗ ಎರಡೂ ಗುಂಪಿನವರಿಗೂ ಇನ್ನೊಂದು ಗುಂಪೇ ಅಪಾಯದ ದಾರಿ ಹಿಡಿದಿದೆ ಎನಿಸಿತ್ತು ಎಂದು ಪವೆಲ್ ದಾಖಲಿಸುತ್ತಾನೆ.

1875ರಲ್ಲಿ ಬಂದ ಈ ಪುಸ್ತಕದ ಬಲ ಅದರ ಅಳತೆಗೋಲಿನಲ್ಲಿದೆ. ಗೋಡೆ ಎಷ್ಟು ಎತ್ತರ ಎಂಬುದು ಅದರಲ್ಲಿ ಕಾಲಿಡಲು ಜಾಗವಿದೆಯೇ, ದೋಣಿಯನ್ನು ಹಗ್ಗ ಕಟ್ಟಿ ಇಳಿಸಬಹುದೇ ಎಂಬುದರ ಜೊತೆ ಬೆಸೆದುಕೊಂಡಿದೆ. ಹಿಟ್ಟು ನೆನೆದು ಮುಗ್ಗಲಾಗುತ್ತದೆ, ಹಂದಿಮಾಂಸ ಕೆಡುತ್ತದೆ, ಕೊನೆಗೆ ಉಳಿಯುವುದು ಒಣ ಸೇಬು ಮತ್ತು ಕಾಫಿ. ಕಮರಿ ಎಷ್ಟು ಉದ್ದ ಎಂಬುದು ಓದುಗರಿಗೆ ಮೈಲಿಯಿಂದ ತಿಳಿಯುವುದಿಲ್ಲ, ಚೀಲದಲ್ಲಿ ಉಳಿದ ಹಿಟ್ಟಿನಿಂದ ತಿಳಿಯುತ್ತದೆ.

ಆದರೆ ಇದೇ ಪುಸ್ತಕದಲ್ಲಿ ವಿಮರ್ಶಕರು ಕಣ್ಣುಮುಚ್ಚಿ ದಾಟಲಾಗದ ಸಂಗತಿಯೊಂದಿದೆ. ಪವೆಲ್ 1871-72ರಲ್ಲಿ ಇನ್ನೊಂದು ತಂಡ ಕಟ್ಟಿಕೊಂಡು ಮತ್ತೆ ನದಿಗಿಳಿದಿದ್ದ. ಪುಸ್ತಕ ಎರಡೂ ಯಾನಗಳ ಸಾಮಗ್ರಿಯನ್ನು 1869ರ ದಿನಚರಿಯೆಂಬಂತೆ, ವರ್ತಮಾನ ಕಾಲದಲ್ಲಿ, ಒಂದೇ ಕಥೆಯಾಗಿ ಹೆಣೆಯುತ್ತದೆ. ಎರಡನೆಯ ತಂಡದವರ ಹೆಸರೇ ಅದರಲ್ಲಿಲ್ಲ. ಆ ತಂಡದಲ್ಲಿ ಹದಿಹರೆಯದ ಹುಡುಗನಾಗಿದ್ದ ಫ್ರೆಡರಿಕ್ ಡೆಲೆನ್‌ಬಾ ತಮ್ಮ ಯಾನದ ಕಥೆಯನ್ನು ತಾನೇ ಬರೆದು 1908ರಲ್ಲಿ ಪ್ರಕಟಿಸಿದ. ಇನ್ನೊಂದು ಉದಾಹರಣೆ: ಬಂಡೆಗೋಡೆಗೆ ಅಂಟಿಕೊಂಡು ಮೇಲೂ ಹೋಗಲಾರದೆ ಕೆಳಗೂ ಇಳಿಯಲಾರದೆ ನಿಂತ ಪವೆಲ್‌ನನ್ನು ಜಾರ್ಜ್ ಬ್ರ್ಯಾಡ್ಲಿ ತನ್ನ ಒಳಚಡ್ಡಿ ಬಿಚ್ಚಿ ಇಳಿಬಿಟ್ಟು ಮೇಲೆಳೆದುಕೊಂಡ ಪ್ರಸಂಗ ಪುಸ್ತಕದ ಜನಪ್ರಿಯ ಭಾಗ. ಬ್ರ್ಯಾಡ್ಲಿ ಗುಟ್ಟಾಗಿ ಬರೆದಿಟ್ಟಿದ್ದ ದಿನಚರಿಯಲ್ಲಿ ಇದು ನಡೆದದ್ದು ಬೇರೊಂದು ಜಾಗದಲ್ಲಿ, ಕೆಲವು ವಾರಗಳ ಬಳಿಕ.

ಕಥೆ ಚೆನ್ನಾಗಿ ಬರಲೆಂದು ಘಟನೆಯನ್ನು ಹಿಂದುಮುಂದು ಮಾಡುವ ಸ್ವಾತಂತ್ರ್ಯ ಪ್ರವಾಸಕಥನಕ್ಕೆ ಇದೆಯೇ? ಸಂಶೋಧನಾ ವಿದ್ಯಾರ್ಥಿಗಳ ಹರಟೆಯಲ್ಲಿ ಈ ಪ್ರಶ್ನೆ ಎದ್ದಾಗ, ಕಥನವೆಂದ ಮೇಲೆ ಅಷ್ಟು ಕಲ್ಪನೆ ಇದ್ದೇ ಇರುತ್ತದೆ ಎಂಬ ಉತ್ತರ ಸಾಮಾನ್ಯವಾಗಿ ಬರುತ್ತದೆ. ಜಾಗ ಬದಲಿಸಿದ್ದರ ಬಗ್ಗೆ ನನಗೂ ದೊಡ್ಡ ತಕರಾರಿಲ್ಲ. ಜನರನ್ನು ಅಳಿಸಿದ್ದು ಬೇರೆಯ ವಿಷಯ. ಕೆಳಗಿಳಿದು ಮೈ ಸವೆಸಿದವರ ದುಡಿಮೆಯಿಂದ ಕಥನಕ್ಕೆ ಕಸುವು ಬಂದಿದೆ. ಅವರಲ್ಲಿ ಅರ್ಧ ಜನ ಅದರೊಳಗೆ ಇಲ್ಲ. ಒಬ್ಬ ನಾಯಕ, ಒಂದು ನದಿ, ಒಂದು ಬೇಸಿಗೆ ಎಂಬ ಅಚ್ಚುಕಟ್ಟಿಗಾಗಿ ತೆತ್ತ ಬೆಲೆ ಅದು. ಕಾಸ್ತನ್ಯೇಡ ಹೇಳಿಕೇಳಿ ಬರೆದವನಾದರೂ ಕೆಳಗಿಳಿದವರ ಮಾತನ್ನು ಅವರ ಮಾತಾಗಿಯೇ ಉಳಿಸಿದ್ದ.

*

ಭಾರತೀಯ ಓದುಗರು ಗ್ರ್ಯಾಂಡ್ ಕ್ಯಾನಿಯನ್‌ನ ನಕಾಶೆ ತೆರೆದರೆ ಚಕಿತರಾಗುತ್ತಾರೆ. ವಿಷ್ಣು ಟೆಂಪಲ್, ಬ್ರಹ್ಮ ಟೆಂಪಲ್, ಶಿವ ಟೆಂಪಲ್, ದೇವ ಟೆಂಪಲ್, ಮನು ಟೆಂಪಲ್, ಕೃಷ್ಣ ಶ್ರೈನ್. ತಳದಲ್ಲಿರುವ, 170 ಕೋಟಿ ವರ್ಷಕ್ಕೂ ಹಳೆಯದಾದ ಕಲ್ಲಿಗೆ ಭೂವಿಜ್ಞಾನದಲ್ಲಿ ವಿಷ್ಣು ಶಿಸ್ಟ್ ಎಂದೇ ಹೆಸರು. ಇವು ಯಾವುವೂ ಕಟ್ಟಿದ ಗುಡಿಗಳಲ್ಲ, ಕಮರಿಯೊಳಗೆ ಎದ್ದುನಿಂತ ಶಿಖರಗಳು. ಈ ಹೆಸರಿನ ಪರಂಪರೆಗೆ ಮುಖ್ಯ ಕಾರಣ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್. 1882ರಲ್ಲಿ ಪ್ರಕಟವಾದ ಅವನ ಸರ್ಕಾರಿ ವರದಿ ವಿಜ್ಞಾನದ ಪುಸ್ತಕವಾಗಿಯೂ ಗದ್ಯಕೃತಿಯಾಗಿಯೂ ಇವತ್ತಿಗೂ ಓದಿಸಿಕೊಳ್ಳುತ್ತದೆ. ಆಲ್ಪ್ಸ್‌ನಂಥ ಹಸಿರು ಪರ್ವತಗಳಿಗೆ ಒಗ್ಗಿದ ಕಣ್ಣಿಗೆ ಈ ಪ್ರದೇಶ ಮೊದಲ ನೋಟಕ್ಕೆ ರುಚಿಸುವುದಿಲ್ಲ, ನಿಧಾನವಾಗಿ ನೋಡುತ್ತ ನೋಡುತ್ತ ಕಣ್ಣನ್ನು ಪಳಗಿಸಿಕೊಳ್ಳಬೇಕು ಎಂಬುದು ಅವನ ವಾದ. ಸೌಂದರ್ಯ ಥಟ್ಟನೆ ಎರಗುವ ಸಂಗತಿಯಲ್ಲ, ಕಲಿಯಬೇಕಾದದ್ದು ಎಂಬ ಈ ವಿಚಾರ ಪರ್ಸಿಯ ಥಟ್ಟನೆಯ ದರ್ಶನಕ್ಕಿಂತ ನನಗೆ ಹೆಚ್ಚು ಆರೋಗ್ಯಕರವಾಗಿ ತೋರುತ್ತದೆ.

ಆದರೆ ಹೆಸರುಗಳ ವಿಷಯದಲ್ಲಿ ಡಟನ್ ತನ್ನ ಕಾಲದ ಮನುಷ್ಯ. ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರಗಳು ಅವನಿಗೆ ಪೂರ್ವದೇಶಗಳ ದೇಗುಲಗಳಂತೆ ಕಂಡವು, ಹೆಸರಿಟ್ಟ. ಮುಂದೆ ಬಂದವರು ಅದೇ ಜಾಡಿನಲ್ಲಿ ಜೊರಾಷ್ಟರ್, ಬುದ್ಧ, ಕನ್‌ಫ್ಯೂಶಿಯಸ್, ಓಸೈರಿಸ್ ಎಂದು ಲೋಕದ ದೇವರು ಪ್ರವಾದಿಗಳನ್ನೆಲ್ಲ ಕಲ್ಲಿನ ಮೇಲೆ ಕೂರಿಸಿದರು. ನಮ್ಮಲ್ಲಿ ಹಲವರಿಗೆ ಇದನ್ನು ಕೇಳಿ ಹೆಮ್ಮೆಯಾಗುತ್ತದೆ. ಹೆಮ್ಮೆಪಡುವ ಮೊದಲು ಯೋಚಿಸಬೇಕಾದದ್ದು, ಆ ಕಮರಿಗೆ ಹೋಪಿ, ಹವಸುಪಾಯಿ, ಹುವಾಲಪಾಯಿ, ಪಾಯೂಟ್, ನವಾಹೊ ಭಾಷೆಗಳ ಹೆಸರುಗಳಿದ್ದವು ಎಂಬುದನ್ನು. ವಿಷ್ಣುವಿನ ಹೆಸರು ಖಾಲಿ ಕಲ್ಲಿನ ಮೇಲೆ ಕೂತಿಲ್ಲ, ಬೇರೆಯವರ ಹೆಸರಿನ ಮೇಲೆ ಕೂತಿದೆ. ಬಳ್ಳಾರಿ ಮೊದಲಾದ ನಮ್ಮ ಊರುಗಳ ಹೆಸರು ಇಂಗ್ಲಿಷಿನಲ್ಲೂ ನಾವು ಕರೆಯುವಂತೆಯೇ ಇರಬೇಕೆಂದು 2014ರಲ್ಲಿ ತಿದ್ದಿಸಿಕೊಂಡವರು ನಾವು. ಈ ನೋವು ನಮಗೆ ಅರ್ಥವಾಗಬೇಕು.

ಶಿವ ಟೆಂಪಲ್‌ಗೆ ಸಂಬಂಧಿಸಿದ ಒಂದು ಘಟನೆ ಇಲ್ಲಿ ನೆನೆಯತಕ್ಕದ್ದು. 1937ರಲ್ಲಿ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ತಂಡವೊಂದು, ಸುತ್ತಲಿನಿಂದ ಕಡಿದುಹೋದ ಆ ಶಿಖರದ ನೆತ್ತಿಯಲ್ಲಿ ಪ್ರಾಣಿಗಳು ಬೇರೆಯದೇ ರೀತಿಯಲ್ಲಿ ವಿಕಾಸ ಹೊಂದಿರಬಹುದೇ ಎಂದು ನೋಡಲು ಹತ್ತಿತು. ಪತ್ರಿಕೆಗಳು ಕಳೆದುಹೋದ ಲೋಕವೊಂದು ಸಿಗಲಿದೆ ಎಂದು ಸುದ್ದಿ ಹಬ್ಬಿಸಿದವು. ಸಿಕ್ಕಿದ್ದು ಮಾಮೂಲಿ ಇಲಿ, ಅಳಿಲುಗಳು. ಛಾಯಾಗ್ರಾಹಕ ಎಮೆರಿ ಕೋಲ್ಬ್ ಅವರಿಗಿಂತ ಮುಂಚೆಯೇ ಅಲ್ಲಿಗೆ ಹತ್ತಿ ಬಂದಿದ್ದ. ಅವನಿಗೂ ಬಹಳ ಮೊದಲು ಮೂಲನಿವಾಸಿಗಳು ಓಡಾಡಿದ ಕುರುಹುಗಳೂ ಅಲ್ಲಿದ್ದವು. ಯಾರೂ ಕಾಲಿಡದ ಜಾಗ ಎಂಬ ಕಲ್ಪನೆ ಈ ಕಮರಿಯಲ್ಲಿ ಪದೇ ಪದೇ ಹುಟ್ಟಿ ಪದೇ ಪದೇ ಸುಳ್ಳಾಗಿದೆ.

*

ಎರಡು ವರ್ಷಗಳ ಹಿಂದೆ ವಿಚಾರಸಂಕಿರಣವೊಂದರ ನೆಪದಲ್ಲಿ ನಾನೂ ಅಲ್ಲಿಗೆ ಹೋಗಿದ್ದೆ. ಮೇದರ್ ಪಾಯಿಂಟ್‌ನ ಕಂಬಿಯ ಬಳಿ ಬಂದವರೆಲ್ಲ ಒಂದಷ್ಟು ಹೊತ್ತು ನಿಂತು, ಫೋನಿನಲ್ಲಿ ಚಿತ್ರ ತೆಗೆದು, ಅದು ಚೆನ್ನಾಗಿ ಬಂದಿದೆಯೇ ಎಂದು ನೋಡಿಕೊಂಡು ಹೊರಡುತ್ತಿದ್ದರು. ನನ್ನ ಕಥೆಯೂ ಬೇರೆಯಾಗಿರಲಿಲ್ಲ. ಎದುರಿನದು ಯಾರೋ ಬಣ್ಣ ಬಳಿದು ತೂಗುಹಾಕಿದ ಪರದೆಯಂತೆ ಚಪ್ಪಟೆಯಾಗಿ ಕಾಣುತ್ತಿತ್ತು. ಆ ಮೇಲೆ ಬ್ರೈಟ್ ಏಂಜೆಲ್ ಹಾದಿಯಲ್ಲಿ ಮೊದಲ ತಂಗುದಾಣದವರೆಗೆ, ಅಂದರೆ ಸುಮಾರು ಎರಡೂವರೆ ಕಿಲೋಮೀಟರ್, ಇಳಿದು ಹತ್ತಿದೆ. ಇಳಿಯುತ್ತ ಹೋದಂತೆ ನೋಟ ಕಿರಿದಾಯಿತು, ಗೋಡೆ ಹತ್ತಿರವಾಯಿತು. ಹೇಸರಗತ್ತೆಗಳ ಗಂಜಲದ ವಾಸನೆ, ಕಾಲಡಿಯ ಧೂಳು, ಮೊಣಕಾಲಿನ ನೋವು. ಮೇಲಿನ ಪದರದ ಸುಣ್ಣಕಲ್ಲು ಸುಮಾರು 27 ಕೋಟಿ ವರ್ಷಗಳ ಹಿಂದೆ ಕಡಲಿನ ತಳದಲ್ಲಿ ಕೂಡಿದ್ದು ಎಂದು ಓದಿದ್ದೆ. ಅದರ ಒರಟನ್ನು ಕೈಯಿಂದ ತಡವಿ ನೋಡಿದೆ. ಹತ್ತುವಾಗ ಪ್ರತಿ ತಿರುವಿನಲ್ಲೂ ನಿಂತು ನೀರು ಕುಡಿಯಬೇಕಾಯಿತು. ಒಂದೇ ದಿನದಲ್ಲಿ ನದಿಗೆ ಹೋಗಿ ಬರುವ ಸಾಹಸ ಬೇಡ ಎಂಬ ಎಚ್ಚರಿಕೆಯ ಫಲಕ ಯಾಕಿದೆಯೆಂದು ಆಗ ತಿಳಿಯಿತು. ಇದರಲ್ಲಿ ಸಾಹಸವೇನೂ ಇಲ್ಲ. ದಿನವೂ ನೂರಾರು ಜನ ಮಾಡುವ ನಡಿಗೆ. ಆದರೆ ಕಂಬಿಯ ಬಳಿ ಬಾರದಿದ್ದ ಮಾತು ಹಾದಿಯಲ್ಲಿ ಬಂದದ್ದಂತೂ ನಿಜ.

ಅದೇ ಹಾದಿಯಲ್ಲಿ ಇನ್ನೂ ಕೆಳಗೆ, ಅಂಚಿನಿಂದ ಏಳು ಕಿಲೋಮೀಟರ್ ದೂರದಲ್ಲಿ, ಒರತೆ ನೀರಿನ ತಾವೊಂದಿದೆ. ಹವಸುಪಾಯಿ ಜನ ಅಲ್ಲಿ ಬೇಸಾಯ ಮಾಡುತ್ತಿದ್ದರು. ರಾಷ್ಟ್ರೀಯ ಉದ್ಯಾನ 1919ರಲ್ಲಿ ಸ್ಥಾಪನೆಯಾದ ಬಳಿಕ, 1928ರಲ್ಲಿ, ಅಲ್ಲಿ ಉಳಿದಿದ್ದ ಕೊನೆಯ ಹವಸುಪಾಯಿಯನ್ನೂ ಹೊರಗೆ ಕಳಿಸಲಾಯಿತು. ಬಹುಕಾಲ ‘ಇಂಡಿಯನ್ ಗಾರ್ಡನ್’ ಎಂದು ಕರೆಸಿಕೊಂಡ ಆ ಜಾಗಕ್ಕೆ 2022ರಲ್ಲಿ ‘ಹವಸುಪಾಯಿ ಗಾರ್ಡನ್ಸ್’ ಎಂಬ ಹೆಸರು ಬಂತು.

ಹವಸುಪಾಯಿ ಎಂದರೆ ನೀಲಿಹಸಿರು ನೀರಿನ ಜನ. ಬೇಸಿಗೆಯಲ್ಲಿ ಕಮರಿಯ ತಳದಲ್ಲಿ ಮೆಕ್ಕೆಜೋಳ, ಬೀನ್ಸ್ ಬೆಳೆಯುವುದು, ಚಳಿಗಾಲದಲ್ಲಿ ಮೇಲಿನ ಪ್ರಸ್ಥಭೂಮಿಯಲ್ಲಿ ಬೇಟೆಯಾಡುವುದು ಅವರ ವರ್ಷದ ಲಯ. 1882ರಲ್ಲಿ ಸರ್ಕಾರ ಅವರಿಗೆ ತಳದ 518 ಎಕರೆ ಮಾತ್ರ ಉಳಿಸಿತು. ಅಂದರೆ ವರ್ಷದ ಅರ್ಧವನ್ನು ಕಸಿದುಕೊಂಡಂತಾಯಿತು. ದಶಕಗಳ ಹೋರಾಟದ ಬಳಿಕ 1975ರ ಕಾಯ್ದೆಯಿಂದ ಸುಮಾರು 1,85,000 ಎಕರೆ ಮರಳಿ ಸಿಕ್ಕಿತು. ಆಗ ಭೂಮಿ ಮರಳಿಸುವುದನ್ನು ವಿರೋಧಿಸಿದವರಲ್ಲಿ ಪರಿಸರ ಸಂಘಟನೆಯಾದ ಸಿಯೆರಾ ಕ್ಲಬ್ ಕೂಡ ಇತ್ತು. ಕಮರಿಯನ್ನು ಪ್ರೀತಿಸುವವರೇ ಅದರಲ್ಲಿ ಬದುಕುವವರಿಗೆ ಅಡ್ಡ ನಿಂತದ್ದು ಹೇಗೆ? ಅಂಚಿನ ಸೌಂದರ್ಯಪ್ರಜ್ಞೆಗೆ ಜನರಿಲ್ಲದ ನೋಟವೇ ಬೇಕಾಗಿತ್ತು ಎಂಬುದು ನನಗೆ ಹೊಳೆಯುವ ಉತ್ತರ. ಈ ಹೋರಾಟವನ್ನು ನಿರೂಪಿಸುವ ಸ್ಟೀಫನ್ ಹರ್ಸ್ಟ್‌ನ ಪುಸ್ತಕದ ಹೆಸರು ‘ಐ ಆ್ಯಮ್ ದ ಗ್ರ್ಯಾಂಡ್ ಕ್ಯಾನಿಯನ್’. ಪ್ರವಾಸಿಯ ವಾಕ್ಯದಲ್ಲಿ ‘ನೋಡಿದೆ’ ಎಂಬ ಕ್ರಿಯಾಪದ ಇರುವ ಕಡೆ ಇಲ್ಲಿ ‘ಆಗಿದ್ದೇನೆ’ ಬಂದಿದೆ. ನೋಡುವವರು ಬೇರೆ, ನೋಟ ಬೇರೆ ಎಂಬ ಅಂತರವೇ ಇಲ್ಲದ ಕಡೆ, ಮಾತು ಸಾಲದು ಎಂಬ ಸಮಸ್ಯೆಯೂ ಹುಟ್ಟುವುದಿಲ್ಲ.

ಈ ಕುರುಡು ಒಳ್ಳೆಯ ಪುಸ್ತಕಗಳಲ್ಲೂ ಇದೆ. ಗ್ರ್ಯಾಂಡ್ ಕ್ಯಾನಿಯನ್‌ಗಿಂತ ಮೇಲ್ಗಡೆ, ಅದೇ ನದಿಯ ಗ್ಲೆನ್ ಕ್ಯಾನಿಯನ್ 1963ರಲ್ಲಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗತೊಡಗಿತು. ಅದೇ ವರ್ಷ ಸಿಯೆರಾ ಕ್ಲಬ್ ಪ್ರಕಟಿಸಿದ ಎಲಿಯಟ್ ಪೋರ್ಟರ್‌ನ ಛಾಯಾಚಿತ್ರ ಗ್ರಂಥ ಆ ಕಮರಿಗೆ ಬರೆದ ಚರಮಗೀತೆ. ಅದರ ಹೆಸರು ‘ದ ಪ್ಲೇಸ್ ನೋ ಒನ್ ನ್ಯೂ’, ಯಾರೂ ಅರಿಯದ ತಾಣ. ನವಾಹೊ, ಪಾಯೂಟ್ ಜನರಿಗೆ ಗೊತ್ತಿದ್ದ ಜಾಗ ಅದು. ಶೋಕ ಪ್ರಾಮಾಣಿಕವಾದದ್ದೇ, ಶೋಕಿಸುವವರ ಲೆಕ್ಕದಲ್ಲಿ ‘ಯಾರೂ’ ಎಂದರೆ ಯಾರು ಎಂಬುದಷ್ಟೇ ಪ್ರಶ್ನೆ. ಆ ಕಮರಿಯಲ್ಲಿ ಮುಳುಗುವ ಮುನ್ನ ತೇಲಿಹೋದ ಎಡ್ವರ್ಡ್ ಅಬಿ ‘ಡೆಸರ್ಟ್ ಸಾಲಿಟೇರ್’ನಲ್ಲಿ (1968) ಅದರ ಬಗ್ಗೆ ಸಿಟ್ಟು, ಸಂತೋಷ ಎರಡನ್ನೂ ತುಂಬಿ ಬರೆದ. ಮೈಯಿಂದ ಬರೆದ ಆ ಗದ್ಯ ಇಂದಿಗೂ ಹಸಿಯಾಗಿದೆ. ಆದರೂ ಅದರ ಶೀರ್ಷಿಕೆ ಬಯಸುವುದು ಏಕಾಂತವನ್ನೇ. ಹಿನ್ನೀರಿನ ಜಲಾಶಯಕ್ಕೆ ಇಟ್ಟ ಹೆಸರು ಲೇಕ್ ಪವೆಲ್. ನದಿ ಹೊತ್ತು ತರುತ್ತಿದ್ದ ಕೆಂಪು ಮಣ್ಣು ಈಗ ಅಲ್ಲೇ ಕೂರುತ್ತದೆ. ಅಣೆಕಟ್ಟಿನಿಂದ ಹೊರಬರುವ ನೀರು ತಣ್ಣಗೆ, ತಿಳಿಯಾಗಿ ಹರಿಯುತ್ತದೆ. ಕೊಲೊರಾಡೊ ಎಂದರೆ ಕೆಂಪು ಎಂಬ ಅರ್ಥ ಹೆಸರಿನಲ್ಲಿ ಮಾತ್ರ ಉಳಿದಂತಿದೆ.

*

ಕನ್ನಡದಲ್ಲಿ ಅಮೆರಿಕ ಪ್ರವಾಸಕಥನದ ದೊಡ್ಡ ಪರಂಪರೆಯೇ ಇದೆ. ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಮೇಲೆ ಮಕ್ಕಳ ಮನೆಗೆ ಹೋಗಿಬಂದ ಹಿರಿಯರು, ಕೆಲಸಕ್ಕೆ ಹೋದ ಕಿರಿಯರು ಎಷ್ಟೋ ಪುಸ್ತಕ ಬರೆದಿದ್ದಾರೆ, ಈಗ ಬ್ಲಾಗುಗಳಲ್ಲೂ ಬರೆಯುತ್ತಿದ್ದಾರೆ. ಅಂಥ ಬರಹಗಳಲ್ಲಿ ಮನೆ, ಅಡುಗೆ, ಭಾಷೆ, ನೆರೆಹೊರೆಯ ಭಾಗಗಳು ಜೀವಂತವಾಗಿದ್ದು, ಪ್ರಸಿದ್ಧ ತಾಣಗಳ ಭಾಗ ಬಂದೊಡನೆ ಅಂಕಿಅಂಶ ಮತ್ತು ಬೆರಗಿನ ನಡುವೆ ಸೊರಗುವುದನ್ನು ಹಲವು ಸಲ ಕಂಡಿದ್ದೇನೆ. ಲೇಖಕರ ಪ್ರತಿಭೆಯ ಕೊರತೆ ಇದಕ್ಕೆ ಕಾರಣವಲ್ಲ. ಅಡುಗೆಮನೆಯಲ್ಲಿ ಅವರು ಒಳಗಿದ್ದರು, ತಾಣದಲ್ಲಿ ಕಂಬಿಯ ಈಚೆ ನಿಂತಿದ್ದರು.

ಎಲ್ಲರೂ ತಳಕ್ಕೆ ಇಳಿಯಬೇಕೆಂದು ನಾನು ಹೇಳುತ್ತಿಲ್ಲ. ವಯಸ್ಸು, ಆರೋಗ್ಯ, ರಜೆ, ದುಡ್ಡು ಎಲ್ಲವೂ ಅಡ್ಡ ಬರುತ್ತವೆ. ಕಾಸ್ತನ್ಯೇಡ ಇಳಿಯುವುದಿರಲಿ, ಅಂಚಿಗೂ ಹೋಗಿರಲಿಲ್ಲ. ಇಳಿದವರನ್ನು ಕೇಳಿ ಬರೆದ. ಕಂಬಿಯ ಬಳಿ ನಿಂತವರೂ ಕೇಳಬಹುದಾದ ಪ್ರಶ್ನೆಗಳಿವೆ. ಇಲ್ಲಿಗೆ ನನಗೆ ದಾರಿ ತೋರಿದವರು ಯಾರು? ಈ ಬಂಡೆಗೆ ಈ ಹೆಸರು ಬರುವ ಮುಂಚೆ ಯಾವ ಹೆಸರಿತ್ತು? ನಾನು ಬಂದದ್ದನ್ನು ನೋಟ ಎನ್ನುತ್ತಿರುವಾಗ ಇದನ್ನು ಮನೆ ಎನ್ನುವವರು ಎಲ್ಲಿದ್ದಾರೆ? ನನ್ನ ಊರಿನ ಯಾವ ಅಳತೆಗೋಲಿನಿಂದ ಇದನ್ನು ನನ್ನವರಿಗೆ ಮುಟ್ಟಿಸಬಲ್ಲೆ? ಕೊನೆಯ ಪ್ರಶ್ನೆಗೆ ಸೆವಿಲ್‌ನವರ ಬಳಿ ಗೋಪುರವಿತ್ತು. ನಮ್ಮ ಬಳಿ ಪ್ರಪಾತ, ಕೊಳ್ಳ ಎಂಬ ಎರಡು ಬೇರೆ ಬೇರೆ ಶಬ್ದಗಳೇ ಇವೆ. ಮೊದಲನೆಯದರಿಂದ ಆರಂಭಿಸಿದ ಬರಹ ಎರಡನೆಯದರ ಕಡೆಗೆ ಎಷ್ಟು ಮೆಟ್ಟಿಲು ಇಳಿಯಿತು ಎಂದು ನೋಡುವುದು ವಿಮರ್ಶೆಗೆ ಸಾಕಷ್ಟು ಕೆಲಸ ಕೊಡುತ್ತದೆ. ಇನ್ನು ಮುಂದೆ ಪ್ರವಾಸಕಥನವೊಂದರಲ್ಲಿ ಶಬ್ದ ಸಾಲದು ಎಂಬ ಮಾತು ಎದುರಾದರೆ ಪುಟ ತಿರುವದೆ ನಿಲ್ಲೋಣ. ಲೇಖಕರು ಎಲ್ಲಿ ನಿಂತು ಅದನ್ನು ಬರೆದರೆಂದು ಹಿಂದಿನ ಪುಟಗಳಲ್ಲಿ ಹುಡುಕೋಣ.